ರೀಲು ಕ್ಯಾಮೆರಾದವರ ಮಾಸಿಕ ಕೂಟ

ಹಳೆಯ ರೀಲು ಕ್ಯಾಮೆರಾಗಳನ್ನು ಹೆಗಲಿಗೇರಿಸಿಕೊಂಡ ತರುಣ ತರುಣಿಯರು ತಿಂಗಳಿಗೊಂದು ಭಾನುವಾರ ಒಂದೆಡೆ ನೆರೆದು, ಪೇಟೆಯ ಬೀದಿಗಳಲ್ಲಿಯೋ ಉದ್ಯಾನಗಳಲ್ಲಿಯೋ ಸುತ್ತಾಡಿ, ಕಡೆಗೆ ಹೋಟೆಲೊಂದರಲ್ಲಿ ಕಾಫಿ ಕುಡಿದು ಚದುರುವ ಪರಿಪಾಠವು ಈಚೆಗೆ ನಮ್ಮ ನಗರಗಳಲ್ಲಿ ಬೆಳೆಯುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಈ ಕೂಟಗಳು ತಾವು ನೆಚ್ಚಿರುವ ಮಾಧ್ಯಮದ ಸ್ವಭಾವಕ್ಕೆ ಎಷ್ಟರಮಟ್ಟಿಗೆ ಅನುರೂಪವಾಗಿವೆಯೆಂಬ ಪ್ರಶ್ನೆಯನ್ನು ಕೇಳದೆ ವಿಧಿಯಿಲ್ಲ.

35 ಮಿ.ಮೀ. ರೀಲಿನಲ್ಲಿ ಸಾಮಾನ್ಯವಾಗಿ ದೊರೆಯುವವು 36 ಚಿತ್ರಗಳು. 120ರ ರೀಲಿನಲ್ಲಿ, ಚೌಕಾಕೃತಿಯಾದರೆ, ಕೇವಲ 12. ಗುಂಡಿಯೊತ್ತಿದ ಕ್ಷಣದಲ್ಲಿ ಬೆಳ್ಳಿಯ ಲವಣಗಳ ಮೇಲೆ ಮೂಡುವ ಬಿಂಬವು ಅವ್ಯಕ್ತವಾದದ್ದು. ದ್ರಾವಣದಲ್ಲಿ ತೊಳೆದು ಹೊರತೆಗೆಯುವವರೆಗೆ ಅದನ್ನು ತೆಗೆದವನೂ ಕಾಣಲಾರ. ಆದುದರಿಂದ ಇಂಥವರ ಕೂಟಕ್ಕೆ ನಿಯತಕಾಲಿಕತೆ ಬರಿಯ ಅನುಕೂಲದ ಮಾತಲ್ಲ: ಈ ತಿಂಗಳು ತೆಗೆದುದನ್ನು ಮುಂದಿನ ತಿಂಗಳು ಮೇಜಿನ ಮೇಲೆ ಹರಡಿ ನೋಡಿದಾಗಲೇ ಮೊದಲನೆಯ ಸಭೆ ಪೂರ್ಣವಾಗುವುದು. ನಡಿಗೆಯೊಂದನ್ನೇ ಏರ್ಪಡಿಸಿ, ನೋಡುವ ಕಾರ್ಯವನ್ನು ಅವರವರ ಮನೆಗೆ ಬಿಟ್ಟುಬಿಡುವ ಸಂಘಟಕರು ಬಿತ್ತನೆಯ ದಿನ ಹಬ್ಬ ಮಾಡಿ ಕೊಯ್ಲಿನ ದಿನ ಮರೆತವರಂತೆ ನನಗೆ ತೋರುತ್ತಾರೆ.

ಹಾಗಾದರೆ ಆ ಕಾಫಿಯ ಮೇಜಿನಲ್ಲಿ ನಡೆಯುವುದೇನು? ಬಹುಪಾಲು ಲೆನ್ಸುಗಳ ಗುಣಾವಗುಣ, ಕ್ಯಾಮೆರಾಗಳ ಕ್ರಯವಿಕ್ರಯ. ಈ ವ್ಯಾಧಿಯೇನೂ ಹೊಸದಲ್ಲ. 1853ರಲ್ಲಿ ಲಂಡನ್ನಿನಲ್ಲಿ ರೋಜರ್ ಫೆಂಟನ್ ಮೊದಲಾದವರು ಫೋಟೋಗ್ರಾಫಿಕ್ ಸೊಸೈಟಿಯನ್ನು ಕಟ್ಟಿದಾಗ ರಾಸಾಯನಿಕ ವಿಧಾನಗಳ ಚರ್ಚೆಯೇ ಅದರ ಜೀವಾಳವಾಗಿತ್ತು. ವಿದ್ಯೆಯೇ ಎಳೆಯದಾಗಿದ್ದ ಕಾಲದಲ್ಲಿ ಅದು ಯುಕ್ತವೂ ಆಗಿತ್ತು. ಆದರೆ ದಶಕಗಳು ಕಳೆದರೂ ರಸಾಯನ ಮತ್ತು ದೃಗ್ವಿಜ್ಞಾನಗಳೇ ಚಿತ್ರವನ್ನು ಹಿಂದಕ್ಕೆ ತಳ್ಳುತ್ತಿವೆಯೆಂದು ಬೇಸತ್ತ ಹೆನ್ರಿ ಪೀಚ್ ರಾಬಿನ್ಸನ್ ಮತ್ತು ಸಂಗಡಿಗರು 1892ರಲ್ಲಿ ಲಿಂಕ್ಡ್ ರಿಂಗ್ ಎಂಬ ಪ್ರತ್ಯೇಕ ಬಳಗವನ್ನೇ ಸ್ಥಾಪಿಸಬೇಕಾಯಿತು.

ಇದಕ್ಕೆ ಪರಿಹಾರವಾಗಿ ಕೆಲವರು ಸ್ಪರ್ಧೆಯನ್ನೂ ಅಂಕಗಳನ್ನೂ ಸೂಚಿಸುವುದುಂಟು. ನನಗೆ ಅದು ಒಪ್ಪಿಗೆಯಿಲ್ಲ. ತೀರ್ಪುಗಾರನ ಅಭಿರುಚಿಯನ್ನು ಮೊದಲೇ ಊಹಿಸಿ ತೆಗೆದ ಚಿತ್ರಗಳು ಎಷ್ಟು ಅಂದವಾಗಿದ್ದರೂ ಒಂದೇ ಕೈಯವೆನಿಸುತ್ತವೆ. ಅದಕ್ಕಿಂತ ಇಡೀ ರೀಲಿನ ಕಾಂಟ್ಯಾಕ್ಟ್ ಶೀಟನ್ನು, ಕೆಟ್ಟ ಚಿತ್ರಗಳ ಸಹಿತವಾಗಿ, ತರಬೇಕೆಂಬ ನಿಯಮವೊಂದಿದ್ದರೆ ಸಾಕು. ಒಬ್ಬನು ಯಾವುದರ ಸುತ್ತ ಹೇಗೆ ಸುಳಿದಾಡಿದನು, ಎಲ್ಲಿ ಅವಸರಪಟ್ಟನು ಎಂಬುದು ಅದರಲ್ಲಿ ಅನುಕ್ರಮವಾಗಿ ಕಾಣುತ್ತದೆ, ಮಾತಿಗೆ ತಾನಾಗಿಯೇ ವಿಷಯ ಒದಗುತ್ತದೆ.

ಖರ್ಚಿನ ಆಕ್ಷೇಪವೊಂದು ಉಳಿಯಿತು, ಅದು ನ್ಯಾಯವಾದದ್ದೇ. ಆದರೆ ಕಪ್ಪುಬಿಳುಪು ರೀಲನ್ನು ತೊಳೆಯಲು ಬೇಕಾದದ್ದು ಒಂದು ಟ್ಯಾಂಕು, ಒಂದು ಉಷ್ಣಮಾಪಕ, 1927ರಿಂದಲೂ ಬಳಕೆಯಲ್ಲಿರುವ ಡಿ-76ರಂಥ ಡೆವಲಪರ್, ಹೈಪೋ, ಧಾರಾಳವಾಗಿ ನೀರು. ಕಲಸಿದ ಡೆವಲಪರ್ ಅರೆಬರಿದಾದ ಸೀಸೆಯಲ್ಲಿ ಗಾಳಿಯ ಸಂಪರ್ಕದಿಂದ ಬೇಗನೆ ಕೆಡುತ್ತದೆ. ಒಬ್ಬೊಬ್ಬರ ಮನೆಯಲ್ಲಿಯೂ ಹಾಗೆ ಕೆಟ್ಟು ಚೆಲ್ಲಿಹೋಗುವುದನ್ನು ನಾಲ್ಕಾರು ಮಂದಿ ಕೂಡಿ ಒಂದೇ ಸಂಜೆಯಲ್ಲಿ ಬಳಸಿ ಮುಗಿಸಬಹುದು.