ಕೇಳದ ಕೊಸರು

ಸಂತೆಯಲ್ಲಿ ಹುರುಳಿಕಾಯಿ ತೂಗಿಸಿಕೊಂಡ ಮೇಲೆ, ತಕ್ಕಡಿ ಸರಿಯಾಗಿ ನಿಂತಿದ್ದರೂ, "ಇನ್ನೊಂದು ಹಿಡಿ ಹಾಕಮ್ಮ" ಎಂದು ಕೇಳದಿದ್ದರೆ ನನಗೆ ವ್ಯಾಪಾರ ಮುಗಿದಂತಾಗುವುದಿಲ್ಲ. ಆ ಒಂದು ಹಿಡಿಗೆ ಕೊಸರು ಎಂದು ಹೆಸರು. ಕೊಸರಿಗೂ ಒಂದು ಮರ್ಯಾದೆಯಿದೆ. ಕೊಳ್ಳುವವಳು ಬಾಯಿಬಿಟ್ಟು ಕೇಳಬೇಕು, ಕೊಡುವವಳು ಗೊಣಗಿಕೊಂಡಾದರೂ ಕಣ್ಣೆದುರಿಗೇ ಹಾಕಬೇಕು. ನಾನು ಬೇರೆಡೆ ನೋಡುತ್ತಿದ್ದಾಗ ಚೀಲಕ್ಕೆ ಬಿದ್ದದ್ದು ಕೊಸರಲ್ಲ. ಮನೆಗೆ ಹೋಗಿ ಚೀಲ ಬಗ್ಗಿಸಿದಾಗ ಕೊಳೆತ ಟೊಮೆಟೊ ಉರುಳಿದರೆ ಅದಕ್ಕೆ ಬೇರೆ ಹೆಸರಿದೆ.

ಕಂಪ್ಯೂಟರಿನಲ್ಲಿ ಇಂಥ ಕೇಳದ ಕೊಸರು ಬರುತ್ತದೆಂದು ನನಗೆ ತಿಳಿದದ್ದು 2022ರಲ್ಲಿ, ಅರ್ಧವಾರ್ಷಿಕ ಪರೀಕ್ಷೆಯ ಕಾಲಕ್ಕೆ. ಬೇರೆ ಬೇರೆ ಪಿಡಿಎಫ್ ಕಡತಗಳಲ್ಲಿದ್ದ ಪ್ರಶ್ನೆಪತ್ರಿಕೆಗಳನ್ನು ಒಂದಾಗಿ ಜೋಡಿಸಬೇಕಿತ್ತು. ಅಂತರ್ಜಾಲದಲ್ಲಿ ಹುಡುಕಿ, ಎಲ್ಲಕ್ಕಿಂತ ದೊಡ್ಡದಾಗಿದ್ದ ಹಸಿರು ಗುಂಡಿಯನ್ನು ಒತ್ತಿ, ಪುಕ್ಕಟೆಯ ಒಂದು ತಂತ್ರಾಂಶವನ್ನು ಇಳಿಸಿಕೊಂಡೆ. "ನೆಕ್ಸ್ಟ್", "ನೆಕ್ಸ್ಟ್", "ಐ ಅಗ್ರೀ", "ಫಿನಿಶ್". ಪ್ರಶ್ನೆಪತ್ರಿಕೆಗಳು ಜೋಡಣೆಯಾದವು. ಮಾರನೆಯ ದಿನ ಒಂಬತ್ತನೆಯ ತರಗತಿಯಲ್ಲಿ ಗೋಳಗುಮ್ಮಟದ ಚಿತ್ರ ತೋರಿಸಲು ಅದೇ ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಸಿಕ್ಕಿಸಿದೆ. ಗುಮ್ಮಟದ ಮೇಲೆ ಒಂದು ರಮ್ಮಿ ಆಟದ ಜಾಹೀರಾತು ಹಾರಿ ಬಂದು ಕೂತಿತು. ಮುಚ್ಚಿದರೆ ಇನ್ನೊಂದು ಬಂತು. ಮಕ್ಕಳು ನಕ್ಕರು. ಮುಖ್ಯೋಪಾಧ್ಯಾಯರು ಆಮೇಲೆ ಕರೆದು, "ಮೇಡಂ, ನೀವೇ ಎಲ್ಲೋ ಏನೋ ಒತ್ತಿರಬೇಕು" ಎಂದರು. ಅವರ ಮೇಲೆ ಸಿಟ್ಟು ಬಂದದ್ದು ನಿಜ. ಆದರೆ ಅವರ ಮಾತು ಸುಳ್ಳಾಗಿರಲಿಲ್ಲ. ಒತ್ತಿದ್ದವಳು ನಾನೇ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಮ್ಮೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. ಅವನು ಬಂದು ನೋಡಿ, "ಮಿಸ್, ನೀವು ಒಂದನ್ನ ಕರೆದಿದ್ದೀರಿ, ಮೂರು ಬಂದಿವೆ" ಎಂದ. ನಾನು ಇಳಿಸಿಕೊಂಡಿದ್ದನ್ನೇ ಮತ್ತೆ ತೆರೆದು ತೋರಿಸಿದ. ಎರಡನೆಯ ಪರದೆಯ ಕೆಳತುದಿಯಲ್ಲಿ, ಬೂದು ಬಣ್ಣದ ಸಣ್ಣ ಅಕ್ಷರದ ಪಕ್ಕ ಒಂದು ಚೌಕವಿತ್ತು. ಚೌಕದೊಳಗೆ ಮೊದಲೇ ಹಾಕಿಟ್ಟ ಒಂದು ರೈಟು ಗುರುತು. ಮೂವತ್ತು ವರ್ಷ ಕೆಂಪು ಶಾಯಿಯಲ್ಲಿ ರೈಟು ಗುರುತು ಹಾಕಿ ಸಂಬಳ ತೆಗೆದುಕೊಂಡವಳು ನಾನು. ನನ್ನ ಹೆಸರಿನಲ್ಲಿ ಇನ್ಯಾರೋ ಹಾಕಿಟ್ಟ ರೈಟನ್ನು ನಾನೇ ಗಮನಿಸಿರಲಿಲ್ಲ. "ಪ್ರಶ್ನೆಯನ್ನ ಎರಡು ಸಲ ಓದಿ ಅಂತ ನೀವೇ ಹೇಳ್ತಿದ್ರಲ್ಲ ಮಿಸ್" ಎಂದು ಅವನು ನಗುತ್ತಲೇ ಹೇಳಿದ.

ಆಮೇಲೆ ಅವನು ಓಡಿಸಿದ ಪುಟ್ಟ ತಂತ್ರಾಂಶದ ಹೆಸರು ಆ್ಯಡ್‌ಡಬ್ಲ್ಯುಕ್ಲೀನರ್. ಪುಸ್ತಕಗಳ ಗುಣದೋಷಗಳನ್ನು ಎಣಿಸುವಂತೆ ಇದರ ಗುಣದೋಷಗಳನ್ನೂ ಎಣಿಸಿ ನೋಡೋಣವೆಂದು ಹೊರಟಿದ್ದೇನೆ. ದಿನಾ ಕಥೆ ಓದುವವರಿಗಿಂತ ದಿನಾ "ಐ ಅಗ್ರೀ" ಒತ್ತುವವರು ಹೆಚ್ಚಾಗಿರುವ ಕಾಲದಲ್ಲಿ ಇಂಥದ್ದಕ್ಕೂ ಒಬ್ಬರು ವಿಮರ್ಶೆ ಬರೆದರೆ ತಪ್ಪೇನಿಲ್ಲ.

ಇದರ ಚರಿತ್ರೆ ಚಿಕ್ಕದು. 2011ರಲ್ಲಿ ಫ್ರಾನ್ಸಿನ ಒಬ್ಬ ತರುಣ "ಎಕ್ಸ್‌ಪ್ಲೋಡ್" ಎಂಬ ಅಡ್ಡಹೆಸರಿನಲ್ಲಿ ಇದನ್ನು ಬರೆದು ಪುಕ್ಕಟೆಯಾಗಿ ಹಂಚಿದ. 2016ರಲ್ಲಿ ಅಮೆರಿಕದ ಮಾಲ್‌ವೇರ್‌ಬೈಟ್ಸ್ ಕಂಪನಿ ಕೊಂಡುಕೊಂಡಿತು. ಆಮೇಲೂ ಅದನ್ನು ಪುಕ್ಕಟೆಯಾಗಿಯೇ ಕೊಡುತ್ತಿದ್ದಾರೆ. ಕೆಲವೇ ಎಂಬಿ ತೂಕದ ಒಂದೇ ಕಡತ. ಅದನ್ನು ಕಂಪ್ಯೂಟರಿನಲ್ಲಿ ಸ್ಥಾಪಿಸುವ ಗೋಜಿಲ್ಲ, ತೆರೆದರೆ ಸಾಕು. ಹುಡುಕು ಎಂದರೆ ಮೂಲೆಮೂಲೆ ಹುಡುಕಿ, ಸಿಕ್ಕಿದ್ದನ್ನೆಲ್ಲ ಪಟ್ಟಿ ಮಾಡಿ ಮುಂದಿಡುತ್ತದೆ. ಒಪ್ಪಿದರೆ ಅವನ್ನು ಒಂದು ಪ್ರತ್ಯೇಕ ಬಂದಿಖಾನೆಗೆ ತಳ್ಳಿ, ಕಂಪ್ಯೂಟರನ್ನು ಮತ್ತೆ ಆರಂಭಿಸಿ, ಏನೇನು ಮಾಡಿದೆನೆಂಬ ವರದಿಯನ್ನು ಬರೆದಿಡುತ್ತದೆ. ತಪ್ಪಾಗಿ ಹಿಡಿದದ್ದನ್ನು ಬಂದಿಖಾನೆಯಿಂದ ಬಿಡಿಸಿಕೊಳ್ಳಲೂಬಹುದು.

ನನ್ನ ಮೆಚ್ಚುಗೆ ಮೊದಲು ಸಲ್ಲಬೇಕಾದದ್ದು ಆ ಪಟ್ಟಿಗೆ ಮತ್ತು ವರದಿಗೆ. ಬಂದವುಗಳು ಸದ್ದಿಲ್ಲದೆ ಬಂದಿದ್ದವು. ಕಳಿಸುವಾಗ ಮಾತ್ರ ಒಂದೊಂದರ ಹೆಸರೂ ಬಾಯಿಗೆ ಬಂತು. ನನ್ನ ಪಟ್ಟಿಯಲ್ಲಿ ನಲವತ್ತಕ್ಕೂ ಹೆಚ್ಚು ಸಾಲುಗಳಿದ್ದವು. ಮೂರೇ ಅತಿಥಿಗಳು, ಆದರೆ ಮನೆಯ ಎಲ್ಲ ಗೂಡುಗಳಲ್ಲೂ ತಮ್ಮ ಬಟ್ಟೆ ಇಟ್ಟುಕೊಂಡಿದ್ದರು. ಅದನ್ನು ಓದಿದಾಗ ಆದ ನಾಚಿಕೆಯಿಂದಲೇ ನಾನು ಸ್ವಲ್ಪ ಕಲಿತೆ.

ಎರಡನೆಯದು ಭಾಷೆಯ ವಿಷಯ. ಪಟ್ಟಿಯ ಬಹುಪಾಲು ಸಾಲುಗಳ ಮೊದಲಲ್ಲಿ "ಪಪ್" ಎಂದಿರುತ್ತದೆ. ಬಿಡಿಸಿ ಹೇಳಿದರೆ "ಬೇಡವಾಗಿರಬಹುದಾದ ತಂತ್ರಾಂಶ". ಕನ್ನಡ ಪಾಠ ಮಾಡುವವಳಿಗೆ ಆ "ಬಹುದಾದ" ಎಂಬಲ್ಲಿ ಕಣ್ಣು ನಿಲ್ಲುತ್ತದೆ. ಕಳ್ಳನನ್ನು ಕಳ್ಳ ಎನ್ನದೆ "ಕಳ್ಳನಾಗಿರಬಹುದಾದವರು" ಎನ್ನುವ ಈ ವಿನಯ ಏಕೆ? ವಿಚಾರಿಸಿದಾಗ ಅದರ ಹಿಂದೆ ಕೋರ್ಟಿನ ಭಯವೂ ಇದೆಯೆಂದು ತಿಳಿಯಿತು. ತಮ್ಮ ತಂತ್ರಾಂಶಗಳನ್ನು ಇಂಥ ಪಟ್ಟಿಗೆ ಸೇರಿಸಿದ್ದಕ್ಕೆ ಎನಿಗ್ಮಾ ಎಂಬ ಕಂಪನಿ 2016ರಲ್ಲಿ ಮಾಲ್‌ವೇರ್‌ಬೈಟ್ಸ್ ಮೇಲೆ ಅಮೆರಿಕದಲ್ಲಿ ದಾವೆ ಹೂಡಿತು. ಪೈಪೋಟಿಯನ್ನು ಹತ್ತಿಕ್ಕಲು ಹೀಗೆ ತಡೆದಿದ್ದರೆ ಕಾನೂನಿನ ರಕ್ಷಣೆ ಸಿಗದು ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2019ರಲ್ಲಿ ಹೇಳಿತು. ಇನ್ನೊಬ್ಬರ ಸರಕನ್ನು ಕಸ ಎನ್ನುವ ಅಧಿಕಾರ ಯಾರದು ಎಂಬ ಪ್ರಶ್ನೆ ಸಣ್ಣದಲ್ಲ. ಪೊರಕೆ ಹಿಡಿದವನೂ ಅಂಗಡಿ ಇಟ್ಟುಕೊಂಡಿದ್ದರೆ ಎದುರಿನ ಅಂಗಡಿಯ ಬಾಗಿಲನ್ನು ಅವನು ಹೇಗೆ ಗುಡಿಸುತ್ತಾನೆಂಬುದನ್ನು ನೋಡಬೇಕಾಗುತ್ತದೆ.

ಅದಕ್ಕೇ ನನ್ನ ಮೊದಲ ಆಕ್ಷೇಪವೂ ಅಲ್ಲೇ ಇದೆ. ಗುಡಿಸಿ ಮುಗಿದ ಮೇಲೆ ಈ ತಂತ್ರಾಂಶ ತನ್ನ ಕಂಪನಿಯ ಇನ್ನೊಂದು ಸರಕನ್ನು ಕೊಳ್ಳಿರೆಂದು ತೋರಿಸುತ್ತದೆ. ಬಲವಂತವಿಲ್ಲ, ನಿಜ. ಆದರೂ ಜಾಹೀರಾತು ಓಡಿಸಲು ಬಂದವರು ಹೋಗುವಾಗ ತಮ್ಮ ಜಾಹೀರಾತು ಅಂಟಿಸಿ ಹೋದರೆ ಗೃಹಿಣಿಗೆ ಪಿಚ್ಚೆನಿಸುತ್ತದೆ.

ಎರಡನೆಯ ಆಕ್ಷೇಪ ದೊಡ್ಡದು. ಪಟ್ಟಿ ಕಣ್ಣೆದುರು ಬಂದಾಗ ಪಪ್‌ಗಳ ಪಕ್ಕದ ಚೌಕಗಳಲ್ಲಿ ರೈಟು ಗುರುತು ಮೊದಲೇ ಬಿದ್ದಿರುತ್ತದೆ! ಉಳಿಸಿಕೊಳ್ಳಬೇಕೆನಿಸಿದ್ದರ ಗುರುತನ್ನು ನಾವು ತೆಗೆಯಬೇಕು. ಯಾವ ಚಾಳಿಯಿಂದ ಕಸ ಬಂತೋ ಕಸ ತೆಗೆಯುವುದೂ ಅದೇ ಚಾಳಿಯಿಂದ. ಆದರೆ ಲ್ಯಾಪ್‌ಟಾಪು ತಯಾರಿಸಿದ ಕಂಪನಿಯೇ ಮೊದಲಿಂದ ತುಂಬಿ ಕಳಿಸಿದ ತಂತ್ರಾಂಶಗಳಿಗೆ ಬೇರೆಯದೇ ಒಂದು ವಿಭಾಗವಿದೆ. ಅಲ್ಲಿ ಮಾತ್ರ ಚೌಕಗಳು ಖಾಲಿ, ಬೇಕಿದ್ದರೆ ನೀವೇ ಗುರುತು ಹಾಕಿ ಎನ್ನುತ್ತದೆ. ಅವುಗಳಲ್ಲಿ ಉಪಯೋಗಕ್ಕೆ ಬರುವವೂ ಇರುತ್ತವೆ, ಆದ್ದರಿಂದ ಇದು ಎಚ್ಚರಿಕೆಯ ಕ್ರಮ ಎಂದು ನನ್ನ ವಿದ್ಯಾರ್ಥಿ ಸಮಾಧಾನ ಹೇಳಿದ. ಒಪ್ಪಿದೆ. ಆದರೆ ಹೊರಗಿನಿಂದ ನುಸುಳಿದವನಿಗೆ ಕತ್ತಿನ ಪಟ್ಟಿ, ಮನೆ ಕಟ್ಟಿದ ಮೇಸ್ತ್ರಿಯೇ ಒಳಗೆ ಕೂರಿಸಿಹೋದವನಿಗೆ ಕುರ್ಚಿ ಎಂಬ ಭೇದ ಮನಸ್ಸಿಗೆ ಬಾರದೆ ಇರಲಿಲ್ಲ.

ಕುರ್ಚಿ ಕೊಡಬಾರದವರಿಗೂ ಕುರ್ಚಿ ಸಿಕ್ಕಿದ್ದುಂಟು. 2014ರಲ್ಲಿ ಲೆನೊವೊ ಕಂಪನಿ ತನ್ನ ಕೆಲವು ಲ್ಯಾಪ್‌ಟಾಪುಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತಿನ ತಂತ್ರಾಂಶವನ್ನು ತುಂಬಿ ಮಾರಿತು. ಅದು ನಮ್ಮ ಮತ್ತು ನಾವು ನೋಡುವ ಜಾಲತಾಣದ ನಡುವೆ ನಿಂತು, ಬ್ಯಾಂಕಿನಂಥ ಸುರಕ್ಷಿತ ತಾಣಗಳ ಬೀಗಮುದ್ರೆಯನ್ನೂ ಒಡೆದು, ತನ್ನದೇ ಮುದ್ರೆ ಹಾಕಿ ಮುಂದೆ ಕಳಿಸುತ್ತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ ಎಲ್ಲ ಯಂತ್ರಗಳಲ್ಲೂ ಬೀಗದ ಕೈ ಒಂದೇ. 2015ರ ಫೆಬ್ರುವರಿಯಲ್ಲಿ ವಿಷಯ ಬಯಲಾಗಿ, ಕಂಪನಿಯೇ ಅದನ್ನು ತೆಗೆಯುವ ಸಾಧನವನ್ನು ಹಂಚಬೇಕಾಯಿತು. 2017ರಲ್ಲಿ ಅಮೆರಿಕದ ವ್ಯಾಪಾರ ಆಯೋಗದೊಂದಿಗೆ ಆದ ಒಪ್ಪಂದದಲ್ಲಿ, ಇಂಥದ್ದನ್ನು ತುಂಬುವ ಮೊದಲು ಗ್ರಾಹಕರ ಸ್ಪಷ್ಟ ಒಪ್ಪಿಗೆ ಪಡೆಯಬೇಕೆಂಬ ಷರತ್ತು ಸೇರಿತು.

ಸ್ಪಷ್ಟ ಒಪ್ಪಿಗೆ. ಇಡೀ ವಿಷಯದ ಗಂಟು ಇಲ್ಲಿದೆ. ಒರ‍್ಯಾಕಲ್ ಕಂಪನಿ ಜಾವಾ ತಂತ್ರಾಂಶದ ಜೊತೆ "ಆಸ್ಕ್" ಎಂಬ ಹುಡುಕುಪಟ್ಟಿಯನ್ನು ವರ್ಷಗಟ್ಟಲೆ ಹಂಚಿದ್ದೂ ಮೊದಲೇ ಹಾಕಿಟ್ಟ ರೈಟಿನಿಂದಲೇ. ಆ ಪಟ್ಟಿ ತಕ್ಷಣ ಬರುತ್ತಿರಲಿಲ್ಲ, ಹತ್ತು ನಿಮಿಷ ಕಾದು ಬರುತ್ತಿತ್ತೆಂದು 2013ರಲ್ಲಿ ಪರೀಕ್ಷಿಸಿದವರು ಬರೆದರು. ಮನೆಯವರು ಬಾಗಿಲು ಹಾಕಿ ಅಡುಗೆಮನೆಗೆ ಹೋಗುವವರೆಗೂ ಜಗಲಿಯಲ್ಲಿ ಕೂತು ಕಾಯುವ ಉಪಾಯ ಇದು. ಇಂಥ ಒಂದೊಂದು ಸ್ಥಾಪನೆಗೂ ಯಾರೋ ಯಾರಿಗೋ ದುಡ್ಡು ಕೊಡುತ್ತಾರೆ. ನಮ್ಮ "ಹೂಂ" ಅಲ್ಲಿ ಮಾರಾಟದ ಸರಕು. ನಮ್ಮ ದೇಶದಲ್ಲೂ 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹದಿಮೂರು ಬಗೆಯ ಇಂಥ ಕಣ್ಕಟ್ಟುಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು ಅದರಲ್ಲೊಂದು. ಬುಟ್ಟಿ ಎಂಬ ಮಾತನ್ನು ಅಲ್ಲಿ ಕಂಡಾಗ ನನಗೆ ನಮ್ಮ ಸಂತೆಯೇ ನೆನಪಾಯಿತು.

"ಮೌನಂ ಸಮ್ಮತಿ ಲಕ್ಷಣಂ" ಎಂದು ನಮ್ಮವರು ಹೆಣ್ಣು ನೋಡಲು ಬಂದಾಗಲೆಲ್ಲ ಹೇಳಿಕೊಂಡು ಬಂದಿದ್ದಾರೆ. ಸುಮ್ಮನಿದ್ದರೆ ಒಪ್ಪಿದಂತೆ ಎಂಬ ಲೆಕ್ಕ ಕಂಪ್ಯೂಟರಿನವರು ಕಂಡುಹಿಡಿದದ್ದಲ್ಲ. ಅಪ್ಪ ತೀರಿಕೊಂಡ ಮರುವರ್ಷ ತಮ್ಮಂದಿರು ನನ್ನನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿದ್ದರು. ಏಳೆಂಟು ಹಾಳೆಗಳಿದ್ದವು. ನಾನು ಎಲ್ಲೆಲ್ಲಿ ಸಹಿ ಹಾಕಬೇಕೋ ಅಲ್ಲೆಲ್ಲ ಪೆನ್ಸಿಲಿನಲ್ಲಿ ಮೊದಲೇ ಗುರುತು ಹಾಕಿಟ್ಟಿದ್ದರು. "ಇಲ್ಲಿ ಹಾಕಕ್ಕ, ಇಲ್ಲೊಂದು, ಇನ್ನೊಂದು ಇಲ್ಲಿ" ಎಂದು ಚಿಕ್ಕವನು ಬೆರಳಿಟ್ಟು ತೋರಿಸುತ್ತಿದ್ದ. ಮಧ್ಯಾಹ್ನದ ಬಸ್ಸು ಹಿಡಿಯುವ ಆತುರ ಬೇರೆ. ಅದು ಜಮೀನಿನ ಹಕ್ಕು ಬಿಡುಗಡೆ ಪತ್ರವೆಂದು ನನಗೆ ಗೊತ್ತಿರಲಿಲ್ಲವೆಂದರೆ ಸುಳ್ಳಾಗುತ್ತದೆ. ಓದಿದ್ದರೂ ಬಹುಶಃ ಹಾಕುತ್ತಿದ್ದೆ. ಅವರ ಮೇಲೆ ನನಗೆ ದ್ವೇಷವಿಲ್ಲ, ಹಬ್ಬಕ್ಕೆ ಹೋಗುತ್ತೇನೆ, ಬರುತ್ತೇನೆ. ಆದರೆ ಬಿಎ ಬಿಎಡ್ ಮಾಡಿದವಳು, ಮಕ್ಕಳಿಗೆ ಅಪಠಿತ ಗದ್ಯ ಓದಲು ಕಲಿಸುವವಳು, ಒಂದು ಹಾಳೆಯನ್ನೂ ಓದದೆ ಪೆನ್ಸಿಲಿನ ಗುರುತಿನ ಮೇಲೆ ಪೆನ್ನಿನ ಸಹಿ ಹಾಕಿದಳು ಎಂಬುದು ಇವತ್ತಿಗೂ ಚುಚ್ಚುತ್ತದೆ. ಕೊಡಬೇಕೆನಿಸಿದ್ದರೆ ನಾನೇ ಕೊಡುತ್ತಿದ್ದೆನಲ್ಲ, ಕೊಟ್ಟೆನೆಂಬ ಸಂತೋಷವಾದರೂ ಉಳಿಯುತ್ತಿತ್ತಲ್ಲ ಎನಿಸುತ್ತದೆ. ರಮ್ಮಿಯ ಜಾಹೀರಾತಿನ ದಿನ ನನಗೆ ಅಷ್ಟು ಸಿಟ್ಟೇಕೆ ಬಂತೆಂದು ಹುಡುಕುತ್ತ ಹೋದರೆ ಕೊನೆಗೆ ಸಿಗುವುದು ಆ ಪೆನ್ಸಿಲ್ ಗುರುತು.

ಹಾಗಾಗಿ ನನ್ನ ತೀರ್ಪು ಇಷ್ಟು. ಆ್ಯಡ್‌ಡಬ್ಲ್ಯುಕ್ಲೀನರ್ ಕಸವನ್ನು ಚೆನ್ನಾಗಿ ಗುಡಿಸುತ್ತದೆ. ನನ್ನ ಯಂತ್ರ ಕಾಲು ಗಂಟೆಯಲ್ಲಿ ಶುಚಿಯಾಯಿತು, ಗೋಳಗುಮ್ಮಟ ಮತ್ತೆ ಗೋಳಗುಮ್ಮಟವಾಯಿತು. ಕೇಳದ ಕೊಸರು ಬಿದ್ದವರಿಗೆಲ್ಲ ಇದನ್ನು ನಾನು ಶಿಫಾರಸು ಮಾಡುತ್ತೇನೆ. ಇಳಿಸಿಕೊಳ್ಳುವುದು ಮಾತ್ರ ತಯಾರಿಸಿದವರ ತಾಣದಿಂದಲೇ ಆಗಲಿ. ಇದರದೇ ಹೆಸರು ಹಾಕಿಕೊಂಡು ದುಡ್ಡು ಕೇಳಿದ ನಕಲಿಗಳೂ ಬಂದದ್ದುಂಟು. ಆದರೆ ಇದು ಹಿಂತಿರುಗಿಸಲಾರದ ಒಂದು ವಸ್ತುವಿದೆ. ನನ್ನ "ಹೂಂ" ನನ್ನ ಬಾಯಿಂದಲೇ ಬರಬೇಕಿತ್ತು ಎಂಬ ಹಕ್ಕನ್ನು ಯಾವ ಪೊರಕೆಯೂ ತಂದುಕೊಡುವುದಿಲ್ಲ. ಅದನ್ನು ಮತ್ತೆ ಮತ್ತೆ ಗುಡಿಸಿಕೊಂಡು, ಮತ್ತೆ ಮತ್ತೆ ಓದದೆ "ನೆಕ್ಸ್ಟ್" ಒತ್ತಿಕೊಂಡು ಇರುವುದು ಸುಲಭ. ಪೊರಕೆ ಇದೆಯಲ್ಲ ಎಂಬ ಧೈರ್ಯವೇ ನಮ್ಮನ್ನು ಇನ್ನಷ್ಟು ಕುರುಡು ಮಾಡಬಹುದು.

ಮುಂದಿನ ವಾರ ನಾನು ಆ ಪಿಡಿಎಫ್ ತಂತ್ರಾಂಶದ ಪರದೆಗಳ ಚಿತ್ರ ತೆಗೆದುಕೊಂಡು ಒಂಬತ್ತನೆಯ ತರಗತಿಗೆ ಹೋದೆ. ಹಿಂದೆ ನಕ್ಕಿದ್ದ ಮಕ್ಕಳೇ. "ಇದು ಅಪಠಿತ ಗದ್ಯ, ಓದಿ ಉತ್ತರಿಸಿ" ಎಂದೆ. ಇಂಗ್ಲಿಷಿನಲ್ಲಿತ್ತು, ಪದಪದ ಬಿಡಿಸಿ ಓದುವುದರಲ್ಲಿ ನಲವತ್ತು ನಿಮಿಷ ಮುಗಿಯಿತು, ಎರಡು ಪರದೆಗಳಷ್ಟೇ ಆದವು. ಬೆಲ್ಲು ಹೊಡೆಯುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಒಪ್ಪುತ್ತೇನೆ ಅನ್ನೋದು ಅಷ್ಟು ದೊಡ್ಡದಾಗಿದೆ, ಬೇಡ ಅನ್ನೋದು ಎಲ್ಲಿದೆ?" ಎಂದಳು. ನಾನು ಪರದೆಯ ಹತ್ತಿರ ಹೋಗಿ ಕನ್ನಡಕ ಸರಿಮಾಡಿಕೊಂಡು ಹುಡುಕಿದೆ. ಬಲತುದಿಯಲ್ಲಿತ್ತು, ಬೂದು ಬಣ್ಣದಲ್ಲಿ. ಬೆರಳಿಟ್ಟು ತೋರಿಸಿದೆ.