ಉದರದ ಶಿಲೀಂಧ್ರ ಸೋಂಕು: ಮುನ್ನೆಚ್ಚರಿಕೆಯ ಔಷಧ ಫಲಿಸಿತೆ?

ಕ್ಯಾಂಡಿಡಾ ಎಂಬುದು ನಮ್ಮ ಕರುಳಿನಲ್ಲಿ ಸಹಜವಾಗಿಯೇ ವಾಸಿಸುವ ಯೀಸ್ಟ್ ಬಗೆಯ ಶಿಲೀಂಧ್ರ. ಕರುಳು ತೂತಾದಾಗ ಇಲ್ಲವೆ ಶಸ್ತ್ರಚಿಕಿತ್ಸೆಯ ನಂತರ ಹೊಲಿಗೆ ಸೋರಿದಾಗ ಅದು ಉದರದ ಒಳಗೆ ಹರಡುತ್ತದೆ. ರೋಗಿಗೆ ಕೊಡುವ ಪ್ರತಿಜೀವಕಗಳು ಬ್ಯಾಕ್ಟೀರಿಯಗಳನ್ನು ಕೊಲ್ಲುವುದರಿಂದ ಪೈಪೋಟಿಯೂ ತಗ್ಗುತ್ತದೆ. ರಕ್ತದ ಕಲ್ಚರ್ ಪರೀಕ್ಷೆಯಲ್ಲಿ ಈ ಸೋಂಕು ಅನೇಕ ವೇಳೆ ಪತ್ತೆಯಾಗುವುದಿಲ್ಲ. ಹಾಗಾದರೆ ಸೋಂಕು ಖಚಿತವಾಗುವ ಮೊದಲೇ ಶಿಲೀಂಧ್ರನಾಶಕ ಕೊಡಬಹುದೆ? ಎರಡು ಪ್ರಯೋಗಗಳು ಎರಡು ಬಗೆಯ ಉತ್ತರ ನೀಡಿವೆ.

1999ರಲ್ಲಿ ಸ್ವಿಟ್ಜರ್ಲೆಂಡಿನ ಎಗ್ಗಿಮನ್ ಮತ್ತು ಸಂಗಡಿಗರು ಫ್ಲುಕೊನಜೋಲ್ ಪರೀಕ್ಷಿಸಿದರು. ಔಷಧ ಪಡೆದ 23 ಜನರಲ್ಲಿ ಒಬ್ಬರಿಗೆ, ಹುಸಿಮದ್ದು ಪಡೆದ 20 ಜನರಲ್ಲಿ 7 ಮಂದಿಗೆ ಉದರದ ಕ್ಯಾಂಡಿಡಾ ಸೋಂಕು ತಗಲಿತು. ಈ ವ್ಯತ್ಯಾಸ ಆಕರ್ಷಕ. ಆದರೆ ಸಂಖ್ಯೆ ಚಿಕ್ಕದು. ಪ್ರತಿ ಗುಂಪಿನಲ್ಲಿ ಇಬ್ಬರ ಫಲಿತಾಂಶ ತಿರುವುಮುರುವಾಗಿದ್ದರೂ ತೀರ್ಮಾನ ಬಲ ಕಳೆದುಕೊಳ್ಳುತ್ತಿತ್ತು. ಅಲ್ಲದೆ ಅವರು ಕರುಳು ಮತ್ತೆ ಮತ್ತೆ ತೂತಾದ ಅಥವಾ ಹೊಲಿಗೆ ಸೋರಿದ, ಅತಿ ಹೆಚ್ಚು ಅಪಾಯದ ರೋಗಿಗಳು.

2015ರಲ್ಲಿ ಪ್ರಕಟವಾದ ಕ್ನಿಟ್ಶ್ ಮತ್ತು ಸಂಗಡಿಗರ ಪ್ರಯೋಗ ದೊಡ್ಡದು. ಉದರದ ಸೋಂಕಿಗೆ ಶಸ್ತ್ರಚಿಕಿತ್ಸೆಯಾಗಿ ತೀವ್ರ ನಿಗಾ ಘಟಕದಲ್ಲಿದ್ದವರ ಪೈಕಿ 117 ಮಂದಿಗೆ ಮೈಕಾಫಂಗಿನ್, 124 ಮಂದಿಗೆ ಹುಸಿಮದ್ದು. ಆಳಕ್ಕಿಳಿದ ಕ್ಯಾಂಡಿಡಾ ಸೋಂಕು ಮೊದಲ ಗುಂಪಿನಲ್ಲಿ ಶೇಕಡ 11.1, ಎರಡನೆಯದರಲ್ಲಿ ಶೇಕಡ 8.9. ಅಂದರೆ ಔಷಧದಿಂದ ಲಾಭ ಕಾಣಲಿಲ್ಲ. ಔಷಧ ತಯಾರಕರ ನೆರವಿನ ಅಧ್ಯಯನವೊಂದು ಪ್ರತಿಕೂಲ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದ್ದು ಮೆಚ್ಚತಕ್ಕ ಸಂಗತಿ.

ಔಷಧ ಕೊಡುವುದು ತಡವಾಗಿರಬಹುದು ಎಂಬುದು ಲೇಖಕರ ವಿವರಣೆ. ಇದು ಸಾಧ್ಯ. ಆದರೆ ಫಲಿತಾಂಶ ಬಂದ ಮೇಲೆ ಕೊಟ್ಟ ವಿವರಣೆ ಇನ್ನೂ ಪುರಾವೆಯಲ್ಲ, ಪರೀಕ್ಷಿಸಬೇಕಾದ ಊಹೆ ಮಾತ್ರ. ಔಷಧ ಆರಂಭಿಸುವಾಗಲೇ ಸೋಂಕು ಇದ್ದರೆ ಅದು ತಡೆಗಟ್ಟುವಿಕೆಯ ಪರೀಕ್ಷೆಯೇ ಆಗುವುದಿಲ್ಲ ಎಂಬ ದೋಷವನ್ನು ಯೋಜನೆಯ ಹಂತದಲ್ಲೇ ಗಮನಿಸಬೇಕಿತ್ತು.

ಎರಡು ಫಲಿತಾಂಶಗಳು ಪರಸ್ಪರ ವಿರುದ್ಧ ಎನ್ನುವುದೂ ಅವಸರದ ಮಾತು. ರೋಗಿಗಳು ಬೇರೆ, ಔಷಧ ಬೇರೆ, ಅಳೆದ ಸೋಂಕಿನ ವ್ಯಾಖ್ಯೆಯೂ ಬೇರೆ. ಕರುಳು ಪದೇ ಪದೇ ಸೋರುವವರಿಗೆ ಉಪಯುಕ್ತವಾದದ್ದು ಎಲ್ಲರಿಗೂ ಬೇಕೆಂದೇನಿಲ್ಲ. ಎಲ್ಲರಿಗೂ ಕೊಟ್ಟರೆ ವೆಚ್ಚದ ಜೊತೆಗೆ ಔಷಧಕ್ಕೆ ಬಗ್ಗದ ತಳಿಗಳೂ ಹೆಚ್ಚುತ್ತವೆ. ಕೊಡದಿದ್ದರೆ ಕೆಲವರ ಪ್ರಾಣಕ್ಕೇ ಕುತ್ತು. ಆದ್ದರಿಂದ 'ಔಷಧ ಕೆಲಸ ಮಾಡುತ್ತದೆಯೆ' ಎಂಬುದಕ್ಕಿಂತ 'ಯಾರಿಗೆ, ಯಾವಾಗ' ಎಂಬುದೇ ಸರಿಯಾದ ಪ್ರಶ್ನೆ. ಶೇಕಡಾವಾರು ಅಂಕಿಯನ್ನು ಓದುವ ಮುನ್ನ ಅದರ ಹಿಂದಿನ ರೋಗಿಗಳ ಸಂಖ್ಯೆಯನ್ನು ಕೇಳುವ ಅಭ್ಯಾಸವನ್ನು ತರಗತಿಯಲ್ಲಿ ಬೆಳೆಸಲು ಈ ಜೋಡಿ ಒಳ್ಳೆಯ ಪಾಠ.