ಮೇಕ್ ಸಾಧನದ ಮ್ಯಾಕ್ರೊ: ಒಂದು ಸಂಜ್ಞಾವಿಮರ್ಶೆ

ದೊಡ್ಡ ಗಣಕಕ್ರಮವು ಅನೇಕ ಕಡತಗಳಿಂದಾದುದು. ಅವುಗಳಲ್ಲೊಂದನ್ನು ತಿದ್ದಿದಾಗ, ಅದನ್ನವಲಂಬಿಸಿದವುಗಳನ್ನು ಮಾತ್ರವೇ ಮರಳಿ ಕಟ್ಟುವುದಕ್ಕಾಗಿ ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಸ್ಟೂಅರ್ಟ್ ಫೆಲ್ಡ್‌ಮನ್ನರು 1976ರಲ್ಲಿ ‘ಮೇಕ್’ ಎಂಬ ಸಾಧನವನ್ನು ರಚಿಸಿದರು. ಇದರ ವಿಧಿಗಳಿರುವ ಕಡತಕ್ಕೆ ಮೇಕ್‌ಫೈಲ್ ಎಂದು ಹೆಸರು. ಸೂತ್ರಗ್ರಂಥಗಳಲ್ಲಿರುವಂತೆ ಇಲ್ಲಿಯೂ ಲಾಘವವೇ ಉದ್ದೇಶ. ಉದ್ದವಾದ ಪಾಠಕ್ಕೊಂದು ಕಿರುಹೆಸರನ್ನಿಟ್ಟು, ಬೇಕಾದೆಡೆಯಲ್ಲಿ ಡಾಲರ್ ಚಿಹ್ನೆಯೊಡನೆ ಅದನ್ನು ಬರೆದರೆ ಸಾಕು; ಇದೇ ಮ್ಯಾಕ್ರೊ. ಮೊದಲ ನೋಟಕ್ಕೆ ಇದು ವೈಯಾಕರಣರ ಸಂಜ್ಞೆಯಂತೆಯೇ ತೋರುವುದು. ಈ ಸಾಮ್ಯವು ಎಲ್ಲಿಯವರೆಗೆ ನಿಲ್ಲುವುದೆಂಬುದನ್ನು ವಿಚಾರಿಸೋಣ.

ಪಾಣಿನಿಯು ವೃದ್ಧಿಯೆಂದರೆ ಆ, ಐ, ಔ ಎಂಬ ವರ್ಣಗಳು ಬುದ್ಧಿಗೆ ಬರುವುವು. ಸಂಜ್ಞೆಯು ಸಂಜ್ಞಿಯನ್ನು ಬೋಧಿಸುವುದು. ಮ್ಯಾಕ್ರೊವಾದರೋ ಅಕ್ಷರಗಳ ಸ್ಥಾನದಲ್ಲಿ ಅಕ್ಷರಗಳನ್ನಿಡುವುದೇ ಹೊರತು, ಅವು ಕಡತದ ಹೆಸರೋ ಆಜ್ಞೆಯೋ ಎಂಬುದನ್ನರಿಯದು. ಆದುದರಿಂದಲೇ ಹೆಸರಿನ ನಡುವೆ ತೆರಪುಳ್ಳ ಒಂದು ಕಡತವು ಎರಡಾಗಿ ಎಣಿಸಲ್ಪಡುವುದು.

ಕಾಲದ ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ಬರಿಯ ಸಮಚಿಹ್ನೆಯಿಂದ ಹೇಳಿದ ಮ್ಯಾಕ್ರೊ ಬಳಸುವಾಗ ಬಿಡಿಸಲ್ಪಡುವುದು. ವಿಧಿಯ ತಲೆಸಾಲಿನಲ್ಲಿದ್ದರೆ ಕಡತವನ್ನು ಓದುವಾಗಲೇ, ಆಜ್ಞೆಯ ಸಾಲಿನಲ್ಲಿದ್ದರೆ ಅದನ್ನು ನಡೆಸುವಾಗ. ನಡುವೆ ಲಕ್ಷಣವನ್ನು ಬದಲಾಯಿಸಿದರೆ ಒಂದೇ ವಿಧಿಯಲ್ಲಿ ಒಂದೇ ಹೆಸರಿಗೆ ಎರಡರ್ಥಗಳಾಗುವುವು! ತನ್ನ ಲಕ್ಷಣದಲ್ಲಿ ತನ್ನನ್ನೇ ಹೇಳಿದರಂತೂ ಅನವಸ್ಥೆಯೇ ಸರಿ. ಗ್ನೂ ಮೇಕಿನಲ್ಲಿ ಹೇಳಿದೊಡನೆಯೇ ಬಿಡಿಸಿಡುವ ಬೇರೊಂದು ಚಿಹ್ನೆಯುಂಟು. ಪೋಸಿಕ್ಸ್ ಮಾನಕವೂ 2024ರ ಆವೃತ್ತಿಯಲ್ಲಿ ಅಂಥದೊಂದನ್ನು ಅಂಗೀಕರಿಸಿದೆ.

ಇವೆಲ್ಲ ಸಹ್ಯವೆನ್ನಬಹುದು. ಲಕ್ಷಣವನ್ನೇ ಹೇಳದ ಹೆಸರು ಬಂದರೆ ಮೇಕ್ ಅದನ್ನು ಸದ್ದಿಲ್ಲದೆ ಶೂನ್ಯವಾಗಿಸುವುದು ಮಾತ್ರ ಸಹ್ಯವಲ್ಲ. ಪಾಣಿನೀಯದಲ್ಲಿಯೂ ಲೋಪವುಂಟು; ಆದರೆ ಅದು ವಿಧಿಪ್ರಾಪ್ತವಾದುದು. ಪ್ರತ್ಯಯವು ಲೋಪವಾದರೂ ತನ್ನಿಂದಾಗಬೇಕಾದ ಕಾರ್ಯವನ್ನು ಮಾಡಿಸುವುದು. ಇಲ್ಲಿಯ ಲೋಪಕ್ಕೆ ಬರೆದವನ ಕೈತಪ್ಪೇ ವಿಧಿ. ಒಂದು ಕೋಶದೊಳಗಿನ ಎಲ್ಲವನ್ನೂ ಅಳಿಸಲು ಕೋಶದ ಮ್ಯಾಕ್ರೊ, ಓರೆಗೆರೆ, ‘ಎಲ್ಲ’ವೆಂಬರ್ಥದ ನಕ್ಷತ್ರಚಿಹ್ನೆ ಇವುಗಳನ್ನು ಸಾಲಾಗಿ ಬರೆದಿದ್ದೇವೆನ್ನಿ. ಹೆಸರಿನಲ್ಲೊಂದಕ್ಷರ ತಪ್ಪಿತು, ಮ್ಯಾಕ್ರೊ ಮಾಯವಾಯಿತು. ಉಳಿದ ಓರೆಗೆರೆಯು ಯೂನಿಕ್ಸ್ ಪದ್ಧತಿಯಲ್ಲಿ ಸಮಸ್ತ ಕಡತಗಳ ಮೂಲಕೋಶವನ್ನೇ ಹೇಳುವುದರಿಂದ, ಒಂದು ಕೊಠಡಿಯ ಕಸಕ್ಕೆಂದು ಎತ್ತಿದ ಪೊರಕೆಯು ಇಡಿಯ ಮನೆಯ ಮೇಲೆ ಬೀಳುವುದು.

ಅರ್ಧಮಾತ್ರೆ ಉಳಿದರೆ ಪುತ್ರೋತ್ಸವದಂತೆ ಹಿಗ್ಗುವವರ ಶಿಷ್ಯನಾದ ನಾನು ಲಾಘವವನ್ನು ಹಳಿಯಲಾರೆ. ಆದರೆ ಆ ಲಾಘವವು ಪರಿಭಾಷೆಗಳ ಕಾವಲಿನಲ್ಲಿದ್ದಿತು. ಲಕ್ಷಣವಿಲ್ಲದ ಹೆಸರು ಕಂಡರೆ ಎಚ್ಚರಿಸುವ ವ್ಯವಸ್ಥೆಯು ಗ್ನೂ ಮೇಕಿನಲ್ಲಿಯೂ ಇಲ್ಲದಿಲ್ಲ. ಬಳಸುವವನು ಬೇರೆಯಾಗಿ ಕೇಳಿಕೊಂಡ ಹೊರತು ಅದು ಬಾಯ್ದೆರೆಯದು.